ದೋಹಾ ಕಾಲಂ: ಲುಸೈಲ್ ಸ್ಟೇಡಿಯಂ ಒಳಗೆ ಹೋಗೋದು ಸುಲಭ, ಹೊರಗೆ ಬರೋದು ಹೇಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ

ಇವತ್ತು 2022ರ ಡಿಸೆಂಬರ್ 7. ನವೆಂಬರ್ 20ರಿಂದ ಒಂದು ದಿನಾನೂ ಬಿಡದೆ ಓಡ್ತಿದ್ದ ಕತಾರ್ ಫುಟ್‌ಬಾಲ್ ವರ್ಲ್ಡ್ ಕಪ್‌ಗೆ ಮೊದಲನೇ ಸಲ ರಜೆ, ಪ್ರೀ ಕ್ವಾರ್ಟರ್ ಮುಗೀತು, ಡಿಸೆಂಬರ್ 9ರವರೆಗೆ ಮ್ಯಾಚ್ ಇಲ್ಲ, ಹಾಗಾಗಿ ಕೂತು ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಬರೀತಿದೀನಿ. ಈ ಸಂಚಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಕ್ವಾರ್ಟರ್ ಫೈನಲ್‌ಗಳೂ ಮುಗಿದಿರಬಹುದು, ಅದಕ್ಕೇ ಸೆಮಿಫೈನಲ್ಲು ಫೈನಲ್ಲು ಮನಸ್ಸಲ್ಲಿ ಇಟ್ಕೊಂಡೇ ಬರೆದಿದೀನಿ. ಒಂದೇ ತರ ಇದ್ದ ಪ್ರಶ್ನೆಗಳನ್ನ ಸೇರಿಸಿದೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ನನ್ನ ತಮ್ಮ ದೋಹಾದಲ್ಲಿ ಕೆಲಸದಲ್ಲಿದ್ದಾನೆ, ಬಾ ಬಾ ಅಂತ ಕರೀತಿದಾನೆ. ಆದ್ರೆ ನನ್ನ ಹತ್ರ ಮ್ಯಾಚ್ ಟಿಕೆಟ್ ಇಲ್ಲ. ಟಿಕೆಟ್ ಇಲ್ದೆ ದೇಶದ ಒಳಗೇ ಬಿಡಲ್ಲ ಅಂತ ಕೇಳಿದ್ದೆ, ನಿಜಾನಾ? — ಪುತ್ತೂರಿನ ಓದುಗರು

ಮೊನ್ನೆವರೆಗೂ ನಿಜಾನೇ ಇತ್ತು. ಟಿಕೆಟ್ ಇದ್ದೋರಿಗೆ ಮಾತ್ರ ಹಯ್ಯಾ ಕಾರ್ಡು (ವೀಸಾ ತರ ನಡೆಯೋ ಫ್ಯಾನ್ ಪಾಸು), ಹಯ್ಯಾ ಇದ್ದೋರಿಗೆ ಮಾತ್ರ ಎಂಟ್ರಿ, ಒಬ್ಬ ಟಿಕೆಟ್ ಇರೋನು ಟಿಕೆಟ್ ಇಲ್ಲದ ಮೂರು ಜನರನ್ನ ಜೊತೆಗೆ ಸೇರಿಸ್ಕೋಬಹುದಿತ್ತು ಅಷ್ಟೆ. ಡಿಸೆಂಬರ್ 2ರಿಂದ ಬಾಗಿಲು ಸ್ವಲ್ಪ ತೆಗೆದಿದಾರೆ, ಈಗ ಟಿಕೆಟ್ ಇಲ್ದಿದ್ರೂ ಹಯ್ಯಾಗೆ ಅರ್ಜಿ ಹಾಕಬಹುದು, ಆದ್ರೆ 500 ರಿಯಾಲ್ ಫೀಸು ಕಟ್ಟಬೇಕು, ಅಂದ್ರೆ ನಮ್ಮ ದುಡ್ಡಲ್ಲಿ ಹನ್ನೊಂದು ಸಾವಿರದ ಮೇಲೆ. 12 ವರ್ಷದ ಒಳಗಿನ ಮಕ್ಕಳಿಗೆ ಆ ಫೀಸಿಲ್ಲ. ಉಳಿಯೋ ಜಾಗ ತೋರಿಸ್ಲೇಬೇಕು, ತಮ್ಮನ ಮನೇಲೇ ಇರ್ತೀರ ಅಂದ್ರೆ ಅವರು ಮೊದಲು ಹಯ್ಯಾದಲ್ಲಿ ಆ ಮನೇನ ರಿಜಿಸ್ಟರ್ ಮಾಡಿ ನಿಮ್ಮನ್ನ ಗೆಸ್ಟ್ ಅಂತ ಸೇರಿಸ್ಬೇಕು, ಇದನ್ನ ಮರೆತು ಫ್ಲೈಟ್ ಬುಕ್ ಮಾಡ್ಬೇಡಿ. ಅಪ್ರೂವಲ್ ಮೊದಲು, ಫ್ಲೈಟ್ ಟಿಕೆಟ್ ಆಮೇಲೆ. ಡಿಸೆಂಬರ್ 23ರ ಒಳಗೆ ಬಂದು ಇಳಿದ್ರೆ ಜನವರಿ 23ರ ತನಕ ಇರಬಹುದು, ಹಾಗಾಗಿ ತಮ್ಮನ ಜೊತೆ ಹೊಸ ವರ್ಷಾನೂ ಆಗತ್ತೆ.

ಮ್ಯಾಚ್ ಟಿಕೆಟ್ಟು ಇನ್ನೂ ಸಿಗತ್ತಾ ಅಂತ ಇನ್ನೂ ತುಂಬಾ ಜನ ಕೇಳಿದೀರ. ಸಿಗತ್ತೆ, ಆದ್ರೆ ಫಿಫಾದವರ ಸೈಟಲ್ಲಿ ಮಾತ್ರ, ಬೇರೆಯವರು ವಾಪಸ್ ಕೊಟ್ಟಿದ್ದು ಅಲ್ಲಿ ಆಗಾಗ ಬಂದು ಬೀಳತ್ತೆ, ನೋಡ್ತಾ ನೋಡ್ತಾ ಹೋಗೂ ಬಿಡತ್ತೆ, ರಾತ್ರಿ ಹೊತ್ತು ಪೇಜ್ ರಿಫ್ರೆಶ್ ಮಾಡ್ತಾ ಕೂರೋ ತಾಳ್ಮೆ ಬೇಕು. ಹೊರಗಿನೋರಿಗೆ ಇರೋದ್ರಲ್ಲಿ ಕಡಿಮೆ ರೇಟಿನ ಸೀಟು ಸೆಮಿಗೆ 1,300 ರಿಯಾಲ್, ಫೈನಲ್‌ಗೆ 2,200. ಸ್ಟೇಡಿಯಂ ಹೊರಗೆ ಕಿವೀಲಿ ಬಂದು ಪಿಸುಗುಟ್ಟೋರ ಹತ್ರ ತಗೋಬೇಡಿ, ಇಲ್ಲಿ ಬ್ಲ್ಯಾಕಲ್ಲಿ ಟಿಕೆಟ್ ಮಾರೋದು ಕಾನೂನು ಪ್ರಕಾರ ತಪ್ಪು, ಮೇಲಾಗಿ ಟಿಕೆಟ್ಟೆಲ್ಲ ಫೋನಿನ ಆಪ್‌ನಲ್ಲೇ ಇರೋದು, ಅವನು ತೋರಿಸೋ ಸ್ಕ್ರೀನ್‌ಶಾಟ್ ಗೇಟಲ್ಲಿ ಮೂರು ಕಾಸಿಗೂ ನಡೆಯಲ್ಲ.

ಪ್ರಶ್ನೆ: ದುಬೈನಲ್ಲಿ ಇದೀವಿ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರೋ ತರ ಮಾಡಬಹುದಾ? ಹೋಟೆಲ್ ರೇಟ್ ನೋಡಿ ತಲೆ ತಿರುಗಿತು. — ದುಬೈನ ಮಂಗಳೂರು ದಂಪತಿ

ಮಾಡಬಹುದು, ಸಾವಿರಾರು ಜನ ಅದನ್ನೇ ಮಾಡ್ತಿದಾರೆ. ದುಬೈ, ಮಸ್ಕತ್ ಕಡೆಯಿಂದ ಶಟಲ್ ಫ್ಲೈಟು ಬಸ್ಸಿನ ತರ ಓಡ್ತಿದೆ, ದುಬೈಯಿಂದ ಹಾರೋದೇ ಸುಮಾರು ಒಂದು ಗಂಟೆ. ದುಬೈಯಲ್ಲಿ ಯಾವ ಏರ್‌ಪೋರ್ಟಿಂದ ಅಂತ ಮಾತ್ರ ಎರಡು ಸಲ ನೋಡ್ಕೊಳಿ, ಎಷ್ಟೋ ಶಟಲ್‌ಗಳು ಊರಾಚೆ ಇರೋ ಅಲ್ ಮಕ್ತೂಮ್‌ನಿಂದ ಹೊರಡತ್ತೆ. ದೋಹಾ ಕಡೇನೂ ಅಷ್ಟೇ, ಕೆಲವು ಹೊಸ ಹಮದ್ ಏರ್‌ಪೋರ್ಟಿಗೆ ಬಂದ್ರೆ ಕೆಲವು ಹಳೇ ಏರ್‌ಪೋರ್ಟಿಗೆ. ಇನ್ನೊಂದು ಒಳ್ಳೆ ಸುದ್ದಿ, ಗಲ್ಫ್ ದೇಶಗಳ ರೆಸಿಡೆನ್ಸಿ ಇರೋರು ಮ್ಯಾಚ್ ಟಿಕೆಟ್ ಇಲ್ಲದೆ ಸುಮ್ನೆ ಸುತ್ತೋಕೆ ಬರೋದಾದ್ರೆ ಈಗ ಹಯ್ಯಾನೂ ಬೇಡ ಅಂತ ನಿನ್ನೆ ಘೋಷಣೆ ಮಾಡಿದಾರೆ. ಮ್ಯಾಚ್ ಟಿಕೆಟ್ ಇದ್ರೆ ಮಾತ್ರ ಹಯ್ಯಾ ಬೇಕೇ ಬೇಕು.

ಆದ್ರೆ ಸಮಯ ನೋಡ್ಕೊಳಿ. ಎರಡೂ ಸೆಮಿಫೈನಲ್ಲು, 13ಕ್ಕೆ ಲುಸೈಲ್ ಸ್ಟೇಡಿಯಂ, 14ಕ್ಕೆ ಅಲ್ ಬೈತ್ ಸ್ಟೇಡಿಯಂ, ರಾತ್ರಿ 10ಕ್ಕೇ ಶುರು. ತೊಂಬತ್ತು ನಿಮಿಷದಲ್ಲಿ ಮುಗಿದ್ರೂ ಹನ್ನೆರಡು, ಎಕ್ಸ್‌ಟ್ರಾ ಟೈಮು ಪೆನಾಲ್ಟಿ ಅಂತ ಹೋದ್ರೆ ಒಂದು ಗಂಟೆ ಹತ್ರ, ಆಮೇಲೆ ಆ ಜನಸಾಗರದಿಂದ ಏರ್‌ಪೋರ್ಟು ಮುಟ್ಟೋದು ಯಾವಾಗ? ಜಪಾನ್-ಕ್ರೊವೇಷಿಯಾ, ಮೊರಾಕ್ಕೊ-ಸ್ಪೇನ್, ಎರಡೂ ಈ ವಾರ ಪೆನಾಲ್ಟಿ ತನಕ ಹೋದವಲ್ಲ. ಒಂದೇ ದಿನದಲ್ಲಿ ಮುಗಿಸ್ಬೇಕು ಅಂದ್ರೆ ನನ್ನ ಸಲಹೆ 17ನೇ ತಾರೀಖು ಖಲೀಫಾ ಸ್ಟೇಡಿಯಂನ ಮೂರನೇ ಸ್ಥಾನದ ಮ್ಯಾಚು. ಸಂಜೆ 6ಕ್ಕೆ ಶುರು, ಟಿಕೆಟ್ ಸಿಗೋ ಚಾನ್ಸೂ ಜಾಸ್ತಿ, ಗೋಲ್ಡ್ ಲೈನ್ ಮೆಟ್ರೋದಲ್ಲಿ ಸ್ಪೋರ್ಟ್ ಸಿಟಿ ಸ್ಟೇಷನ್ ಇಳಿದ್ರೆ ಮುಂದೇನೇ. ಮೂರನೇ ಸ್ಥಾನಕ್ಕೆ ಯಾರು ಆಡ್ತಾರೆ ಬಿಡಿ ಅಂತ ಮೂಗು ಮುರೀಬೇಡಿ, ಟೆನ್ಷನ್ ಇಲ್ಲದ ತಂಡಗಳು ಗೋಲ್ ಚೆನ್ನಾಗಿ ಹೊಡೀತವೆ.

ಪ್ರಶ್ನೆ: ನಾನೂ ನನ್ನ ಗೆಳ್ಯಾನೂ ಲುಸೈಲ್ ಸೆಮಿಫೈನಲ್‌ಗೆ ಟಿಕೆಟ್ ತಗದೇವ್ರಿ. ಎಷ್ಟೊತ್ತಿಗೆ ಹೋಗ್ಬೇಕ್ರಿ, ಏನ್ ತಗೊಂಡ್ ಹೋಗ್ಬೇಕ್ರಿ, ಮತ್ತ ತಿರುಗಿ ಬರೂದು ಭಾಳ ತ್ರಾಸ ಅಂತಾರಲ್ಲ, ಖರೇ ಏನ್ರಿ? — ಹುಬ್ಬಳ್ಳಿಯ ಓದುಗರು

ಖರೇನೇ. ಹೋಗೋದು ಏನೂ ಕಷ್ಟ ಇಲ್ಲ, ರೆಡ್ ಲೈನ್ ಹತ್ತಿ ಕೊನೇ ಸ್ಟೇಷನ್ ಲುಸೈಲಲ್ಲಿ ಇಳಿದು ಜನ ಹೋಗೋ ಕಡೆ ಹೋದ್ರೆ ಆಯ್ತು, ಹಯ್ಯಾ ಇದ್ರೆ ಮೆಟ್ರೋ ಫ್ರೀ, ಇಲ್ದೋರಿಗೂ ಎರಡೇ ರಿಯಾಲ್. ಮೂರು ಗಂಟೆ ಮುಂಚೆ ಗೇಟ್ ತೆಗೀತಾರೆ, ನೀವು ಏಳೂವರೆಗೆ ಅಲ್ಲಿ ಇರಿ. ಬೇಗ ಹೋಗಿ ಅಂತ ಹೇಳ್ತಿರೋದು ಸೆಕ್ಯೂರಿಟಿ ಸಾಲಿಗೋಸ್ಕರ ಮಾತ್ರ ಅಲ್ಲ, ಆ ಸ್ಟೇಡಿಯಂನ ಹೊರಗಿನಿಂದ ದೀಪ ಹತ್ತಿದ ಮೇಲೆ ನೋಡ್ಬೇಕು, ಅರಬ್ಬರ ಹಳೇ ಹಿತ್ತಾಳೆ ಬಟ್ಟಲು ಮತ್ತೆ ಫನಾರ್ ಲಾಟೀನು ನೋಡಿ ಡಿಸೈನ್ ಮಾಡಿದ್ದಂತೆ, ಕತ್ತಲಲ್ಲಿ ಹೊಂಬಣ್ಣಕ್ಕೆ ತಿರುಗಿ ನಿಂತಿರತ್ತೆ.

ಫೋನ್ ಪೂರ್ತಿ ಚಾರ್ಜ್ ಇರ್ಲಿ, ಇದು ಮೊದಲನೇ ಮಾತು ಕೊನೇ ಮಾತು ಎರಡೂ. ಟಿಕೆಟ್ ಆಪು, ಹಯ್ಯಾ ಆಪು, ಮ್ಯಾಪು, ವಿಡಿಯೋ, ಎಲ್ಲ ಅದರಲ್ಲೇ. ನವೆಂಬರ್ 21ಕ್ಕೆ ಇಂಗ್ಲೆಂಡ್-ಇರಾನ್ ಮ್ಯಾಚ್ ದಿನ ಟಿಕೆಟ್ ಆಪ್ ಕೈ ಕೊಟ್ಟು ಎಷ್ಟೋ ಜನ ಆಟ ಶುರು ಆದ್ರೂ ಗೇಟ್ ಹೊರಗೇ ನಿಂತಿದ್ರು. ಟಿಕೆಟ್ಟನ್ನ ರೂಮಲ್ಲೇ ವೈಫೈ ಇರುವಾಗ ಒಂದು ಸಲ ಓಪನ್ ಮಾಡಿ ನೋಡ್ಕೊಂಡು ಹೊರಡಿ, ಗೆಳೆಯರ ಟಿಕೆಟ್ ನಿಮ್ಮ ಫೋನಲ್ಲಿ ಇದ್ರೆ ಅವರ ಫೋನಿಗೇ ಕಳಿಸಿಬಿಡಿ. ದೊಡ್ಡ ಬ್ಯಾಗು, ನೀರಿನ ಬಾಟಲಿ, ಮನೆ ಊಟ ಒಳಗೆ ಬಿಡಲ್ಲ. ಒಂದು ತೆಳು ಜಾಕೆಟ್ ಇಟ್ಕೊಳಿ, ನಗಬೇಡಿ, ಮರುಭೂಮಿ ಅಂತ ಅಂಗಿ ಒಂದರಲ್ಲೇ ಬಂದೋರೆಲ್ಲ ಸೀಟಿನ ಕೆಳಗಿಂದ ಬರೋ ಎಸಿ ಗಾಳಿಗೆ ಕೈ ಕಟ್ಕೊಂಡು ಕೂತಿರ್ತಾರೆ, ಡಿಸೆಂಬರ್ ರಾತ್ರಿ ಹೊರಗೇ ತಂಪು.

ಈಗ ವಾಪಸ್ ಬರೋದು. ನವೆಂಬರ್ 26ರ ಅರ್ಜೆಂಟೀನಾ-ಮೆಕ್ಸಿಕೊ ಮ್ಯಾಚಿಗೆ ಅಲ್ಲಿ ಸೇರಿದ್ದು 88,966 ಜನ, 1994ರ ಫೈನಲ್ ಆದ್ಮೇಲೆ ವರ್ಲ್ಡ್ ಕಪ್ ಮ್ಯಾಚಿಗೆ ಇಷ್ಟು ಜನ ಸೇರಿದ್ದೇ ಇಲ್ಲ. ಅಷ್ಟೂ ಜನ ಒಂದೇ ಹೊತ್ತಿಗೆ ಒಂದೇ ಸ್ಟೇಷನ್‌ಗೆ ಹೊರಟ್ರೆ ಏನಾಗ್ಬೇಕು? ಅದಕ್ಕೇ ಸೀದಾ ಬಿಡಲ್ಲ, ಬ್ಯಾರಿಕೇಡ್ ಹಾಕಿ ಹಾವಿನ ತರ ಸುತ್ತಿಸಿ ಸುತ್ತಿಸಿ ಕಳಿಸ್ತಾರೆ, ಸ್ಟೇಷನ್ ಕಣ್ಣಿಗೆ ಕಾಣ್ತಿರತ್ತೆ ನೀವು ಮಾತ್ರ ಅದಕ್ಕೆ ಬೆನ್ನು ತಿರುಗಿಸಿ ನಡೀತಿರ್ತೀರ. ಬೈಕೋಬೇಡಿ, ಪ್ಲಾಟ್‌ಫಾರ್ಮಲ್ಲಿ ನೂಕುನುಗ್ಗಲು ಆಗದೇ ಇರೋದು ಅದ್ರಿಂದಾನೇ. ಎತ್ತರದ ಕುರ್ಚಿ ಮೇಲೆ ಕೂತು ದೊಡ್ಡ ಸ್ಪಾಂಜಿನ ಕೈ ಹಿಡ್ಕೊಂಡು "ಮೆಟ್ರೋ, ದಿಸ್ ವೇ" ಅಂತ ರಾಗವಾಗಿ ಕೂಗೋ ಹುಡುಗರು ದಾರಿ ಉದ್ದಕ್ಕೂ ಇರ್ತಾರೆ. ಅದರಲ್ಲಿ ದೋಹಾದ ಹಳೇ ಪೇಟೆ ಸೂಕ್ ವಾಕಿಫ್ ಹತ್ರ ಕೂರೋ ಕೀನ್ಯಾದ ಹುಡುಗ ಅಬೂಬಕರ್ ಅಬ್ಬಾಸ್ ಅಂತೂ ಈಗ ಎಷ್ಟೋ ಆಟಗಾರರಿಗಿಂತ ಫೇಮಸ್ಸು, ಅವನು "ಮೆಟ್ರೋ?" ಅಂದ್ರೆ ಇಡೀ ರಸ್ತೆ "ದಿಸ್ ವೇ" ಅನ್ನತ್ತೆ.

ನನ್ನ ಉಪಾಯ ಕೇಳಿ. ಮ್ಯಾಚ್ ಮುಗಿದ ತಕ್ಷಣ ಓಡ್ಬೇಡಿ. ಕೊನೇ ಐದು ನಿಮಿಷ ಬಿಟ್ಟು ಓಡಿಹೋಗೋರು ಇರ್ತಾರಲ್ಲ, ಅವರನ್ನ ಕಂಡ್ರೆ ನನಗೆ ಆಗಲ್ಲ, ಇಂಜುರಿ ಟೈಮೇ ಹತ್ತತ್ತು ನಿಮಿಷ ಕೊಡೋ ಈ ವರ್ಲ್ಡ್ ಕಪ್ಪಲ್ಲಿ ಅದು ಶುದ್ಧ ದಡ್ಡತನ ಕೂಡ. ಸೀಟಲ್ಲೇ ಕೂತಿರಿ, ಗೆದ್ದೋರು ಕುಣಿಯೋದು ನೋಡಿ, ಆಮೇಲೆ ಸೀದಾ ಸ್ಟೇಷನ್ ಸಾಲಿಗೆ ಸೇರೋ ಬದಲು ಲುಸೈಲ್ ಬುಲೆವಾರ್ಡ್ ಕಡೆ ನಡೀರಿ, ಅಲ್ಲಿ ಅಂಗಡಿ, ಸ್ಕ್ರೀನು, ಡೋಲು, ಡ್ಯಾನ್ಸು ಎಲ್ಲ ಇರತ್ತೆ, ಏನಾದ್ರೂ ತಿಂದು ಸಾಲು ಕರಗಿದ ಮೇಲೆ ಹತ್ತಿ. ಮೆಟ್ರೋ ಬೆಳಗಿನ ಜಾವ 3ರ ತನಕ ಇದೆ.

ಪ್ರಶ್ನೆ: ನಮ್ಮ ಗೌತಮಪುರದಲ್ಲಿ ಪೆಲೆ ಪ್ರತಿಮೆನೇ ಇದೆ, ನಾವು ಹುಟ್ಟಾ ಬ್ರೆಜಿಲ್. ಆದ್ರೆ ಅಲ್ಲಿ ಬ್ರೆಜಿಲ್ ಜರ್ಸಿ ಹಾಕಿದ ಇಂಡಿಯನ್ಸ್‌ನ ಬಾಡಿಗೆ ಫ್ಯಾನ್ಸ್ ಅಂತ ಆಡ್ಕೋತಾರಂತೆ? — ಬೆಂಗಳೂರಿನ ಓದುಗರು

ಟೂರ್ನಮೆಂಟ್ ಶುರು ಆಗೋಕೆ ಮುಂಚೆ ಇಲ್ಲಿ ಸಮುದ್ರದ ದಡದ ಕಾರ್ನಿಷ್ ರಸ್ತೇಲಿ ಅರ್ಜೆಂಟೀನಾ, ಇಂಗ್ಲೆಂಡ್, ಬ್ರೆಜಿಲ್ ಜರ್ಸಿ ಹಾಕ್ಕೊಂಡು ಡ್ರಮ್ಮು ಬಾರಿಸ್ತಾ ಮೆರವಣಿಗೆ ಹೋದ್ರು, ನೋಡಿದ್ರೆ ಮುಕ್ಕಾಲು ಪಾಲು ನಮ್ಮೋರೇ, ಅದರಲ್ಲೂ ಕೇರಳದೋರು. ಯುರೋಪಿನ ಕೆಲವು ಪತ್ರಿಕೆಗಳು ಇವರು ದುಡ್ಡಿಗೆ ಬಂದ ನಕಲಿ ಫ್ಯಾನ್‌ಗಳು ಅಂತ ಬರೆದ್ವು, ಸಂಘಟಕರು ಅದನ್ನ ಅಲ್ಲಗಳೆದ್ರು. ನನಗೆ ಸಿಟ್ಟು ಬಂದಿದ್ದು ಆ ಬರಹಗಳ ಹಿಂದಿದ್ದ ಊಹೆ ನೋಡಿ. ಕೋಝಿಕ್ಕೋಡ್ ಹತ್ರ ಪುಳ್ಳಾವೂರಲ್ಲಿ ಹೊಳೆ ಮಧ್ಯ ಮೆಸ್ಸಿ, ನೇಮಾರ್, ರೊನಾಲ್ಡೊ ಕಟೌಟ್ ನಿಲ್ಸಿದ್ದಕ್ಕೆ ಯಾರು ದುಡ್ಡು ಕೊಟ್ರು? ನಿಮ್ಮ ಗೌತಮಪುರದ ಗಲ್ಲಿಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹಳದಿ ಹಸಿರು ಬಾವುಟ ಕಟ್ಟೋಕೆ ಬ್ರೆಜಿಲ್‌ನವರು ಸಂಬಳ ಕೊಡ್ತಾರಾ? ನಮ್ಮ ದೇಶ ವರ್ಲ್ಡ್ ಕಪ್ ಆಡಲ್ಲ, ಹಾಗಂತ ನಾವು ಆಟ ನೋಡದೆ ಇರಬೇಕಾ.

ಮೊದಲ ವಾರ ಕಳೆದ ಮೇಲೆ ಆ ಮಾತೇ ನಿಂತುಹೋಯ್ತು. ಜರ್ಸಿ ಹಾಕ್ಕೊಂಡು ಧಾರಾಳವಾಗಿ ಬನ್ನಿ, ನಿಜವಾದ ಬ್ರೆಜಿಲಿಯನ್ನರೇ ನಿಲ್ಲಿಸಿ ಫೋಟೋ ತೆಗೆಸ್ಕೋತಾರೆ, ಪೆಲೆ ಪ್ರತಿಮೆಯ ಫೋಟೋ ಫೋನಲ್ಲಿ ತನ್ನಿ, ಅದನ್ನ ತೋರಿಸಿದ್ರೆ ನಿಮಗೆ ಬೇರೆ ಭಾಷೆ ಬೇಡ. ಪೆಲೆ ಈಗ ಆಸ್ಪತ್ರೇಲಿ ಇರೋದ್ರಿಂದ ಅವರೆಲ್ಲ ತುಂಬಾ ಭಾವುಕರಾಗಿದಾರೆ, 5ನೇ ತಾರೀಖು ಕೊರಿಯಾನ 4-1 ಸೋಲಿಸಿದ ಮೇಲೆ ಆಟಗಾರರು ಮೈದಾನದಲ್ಲೇ ಅವರ ಹೆಸರಿನ ಬ್ಯಾನರ್ ಹಿಡಿದು ನಿಂತ್ರು. ಆ ಮ್ಯಾಚ್ ಆಗಿದ್ದು ಸ್ಟೇಡಿಯಂ 974ರಲ್ಲಿ, ಶಿಪ್ಪಿಂಗ್ ಕಂಟೇನರ್ ಜೋಡಿಸಿ ಕಟ್ಟಿದ್ದು, ಕಂಟೇನರೂ 974, ದೇಶದ ಫೋನ್ ಕೋಡೂ 974. ಈ ವರ್ಲ್ಡ್ ಕಪ್ಪಲ್ಲಿ ಅದೇ ಅಲ್ಲಿನ ಕೊನೇ ಮ್ಯಾಚು, ಆಮೇಲೆ ಬಿಚ್ಚಿ ತೆಗೀತೀವಿ ಅಂತ ಸಂಘಟಕರು ಹೇಳಿದಾರೆ. ನೀವು ಬರೋವಾಗ ಗೋಲ್ಡ್ ಲೈನಿನ ರಾಸ್ ಬು ಅಬೂದ್ ಸ್ಟೇಷನ್‌ಗೆ ಹೋಗಿ ಹೊರಗಿಂದಾದ್ರೂ ನೋಡ್ಕೊಂಡು ಬನ್ನಿ.

ಪ್ರಶ್ನೆ: ಇಬ್ಬರು ಚಿಕ್ಕ ಮಕ್ಕಳ ಜೊತೆ ಬರ್ತಿದೀವಿ. ಫ್ಯಾನ್ ಫೆಸ್ಟಿವಲ್‌ಗೆ ಕರ್ಕೊಂಡು ಹೋಗಬಹುದಾ? ಕುಡುಕರ ಕಾಟ ಇರತ್ತಾ? — ಮೈಸೂರಿನ ಓದುಗರು

ಕುಡುಕರ ಬಗ್ಗೆ ಚಿಂತೆ ಬಿಡಿ. ಸ್ಟೇಡಿಯಂ ಸುತ್ತ ಬಿಯರ್ ಮಾರಲ್ಲ ಅಂತ ಟೂರ್ನಮೆಂಟಿಗೆ ಎರಡೇ ದಿನ ಇರುವಾಗ ಹೇಳಿಬಿಟ್ರು. ಅಲ್ ಬಿದ್ದಾ ಪಾರ್ಕಿನ ಫ್ಯಾನ್ ಫೆಸ್ಟಿವಲ್ಲಲ್ಲಿ ಸಂಜೆ 7ರ ಮೇಲೆ ಸಿಗತ್ತೆ, ಅರ್ಧ ಲೀಟರಿಗೆ 50 ರಿಯಾಲ್, ಅಂದ್ರೆ ಸಾವಿರದ ನೂರು ರೂಪಾಯಿ ಹತ್ರ, ಆ ರೇಟಲ್ಲಿ ಯಾರು ಎಷ್ಟು ಅಂತ ಕುಡೀತಾರೆ. ಹೆಣ್ಣುಮಕ್ಕಳು ರಾತ್ರಿ ಎರಡು ಗಂಟೆಗೂ ಆರಾಮಾಗಿ ಮೆಟ್ರೋ ಹತ್ತಿ ಹೋಗ್ತಿದಾರೆ.

ನಾನು ಯೋಚಿಸೋದು ಜನಸಂದಣಿ ಬಗ್ಗೆ. ಆ ಪಾರ್ಕಿಗೆ 40 ಸಾವಿರ ಜನ ಹಿಡಿಯತ್ತೆ, ಮೊದಲನೇ ರಾತ್ರಿ ಅದಕ್ಕಿಂತ ತುಂಬಾ ಜಾಸ್ತಿ ಜನ ಬಂದು ಪೊಲೀಸರು ತಡೆದು ನಿಲ್ಲಿಸ್ಬೇಕಾಯ್ತು, ಚಿಕ್ಕ ಮಕ್ಕಳ ಜೊತೆ ಆ ಗುಂಪಲ್ಲಿ ಸಿಕ್ಕಿಕೊಳ್ಳೋ ಜಾಗ ಅಲ್ಲ. ಆಮೇಲೆ ವ್ಯವಸ್ಥೆ ಸುಧಾರಿಸಿದೆ. ಗೇಟ್ ತೆಗೆದ ಹೊತ್ತಿಗೇ ಹೋಗಿ, ಮಕ್ಕಳು ಬಾಲ್ ಒದೆಯೋಕೆ, ಆಟ ಆಡೋಕೆ ಜಾಗ ಇದೆ, ದೊಡ್ಡ ಸ್ಕ್ರೀನಲ್ಲಿ ಸಂಜೆ ಮ್ಯಾಚು ನೋಡಿ ಕತ್ತಲಾಗಿ ಸಂಗೀತ ಶುರು ಆಗೋ ಹೊತ್ತಿಗೆ ಹೊರಟುಬಿಡಿ. ಮುಚ್ಚುಮರೆ ಇಲ್ಲದೆ ಹೇಳ್ತೀನಿ, ನನಗೆ ಆ ಜಾಗ ಅಷ್ಟಕ್ಕಷ್ಟೆ. ಸುತ್ತ ಎಲ್ಲಿ ನೋಡಿದ್ರೂ ಸ್ಪಾನ್ಸರ್‌ಗಳ ಮಳಿಗೆ, ಸಾಲು, ಸೆಲ್ಫಿ, ಒಬ್ಬ ಆಂಕರ್ ಮೈಕ್ ಹಿಡಿದು "ಶಬ್ದ ಮಾಡಿ" ಅಂತಾನೆ, ಜನ ಶಬ್ದ ಮಾಡ್ತಾರೆ.

ಯಾರೂ ಹೇಳದೇನೇ ಶಬ್ದ ಆಗೋದು ಸೂಕ್ ವಾಕಿಫಲ್ಲಿ. ಹಳೇ ಪೇಟೆ, ಮಸಾಲೆ ಅಂಗಡಿ, ಗಿಡುಗ ಮಾರೋ ಬೀದಿ, ಕಲ್ಲು ಹಾಸಿನ ಗಲ್ಲಿಗಳು, ಮಧ್ಯದಲ್ಲಿ ಮೆಕ್ಸಿಕೋದ ಅಗಲ ಟೋಪಿ, ಸೌದಿಯ ಹಸಿರು ಬಾವುಟ, ಅರ್ಜೆಂಟೀನಾದವರ ಡ್ರಮ್ಮು. ನವೆಂಬರ್ 22ಕ್ಕೆ ಸೌದಿ ಅರ್ಜೆಂಟೀನಾನ 2-1 ಸೋಲಿಸಿದ ಸಂಜೆ ಅಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ, ನಿನ್ನೆ ರಾತ್ರಿ ಮೊರಾಕ್ಕೊ ಸ್ಪೇನನ್ನ ಪೆನಾಲ್ಟಿಯಲ್ಲಿ ಮನೆಗೆ ಕಳಿಸಿದ ಮೇಲಂತೂ ಸಿರಿಯಾ, ಈಜಿಪ್ಟ್, ಸುಡಾನ್, ಪ್ಯಾಲೆಸ್ಟೈನ್ ಎಲ್ಲಾ ದೇಶದೋರೂ ಮೊರಾಕ್ಕೊದೋರೇ ಆಗಿಬಿಟ್ರು, ಒಬ್ಬ ಅಜ್ಜ ಮೊಮ್ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡು ಅಳ್ತಾ ಕುಣೀತಿದ್ರು. ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಿ, ಆದ್ರೆ ಮ್ಯಾಚ್ ಮುಗಿಯೋ ಹೊತ್ತಿಗಲ್ಲ, ಅದಕ್ಕೆ ಒಂದು ಗಂಟೆ ಮುಂಚೆ. ಕೈಗೆ ನಿಮ್ಮ ಫೋನ್ ನಂಬರ್ ಬರೆದ ಪಟ್ಟಿ ಕಟ್ಟಿ. ಅಲ್ಲಿಂದ ಕಾರ್ನಿಷ್‌ಗೆ ನಡೆದೇ ಹೋಗಬಹುದು, ಕಾರು ಬಿಡಲ್ಲ ಈಗ, ಇಡೀ ರಸ್ತೆ ಮಕ್ಕಳದ್ದೇ.

ಪ್ರಶ್ನೆ: ಶುದ್ಧ ಸಸ್ಯಾಹಾರಿ, ಏನ್ ಗತಿ? — ಉಡುಪಿಯ ಓದುಗರು

ಉಡುಪಿಯವರು ಈ ಪ್ರಶ್ನೆ ಕೇಳ್ಬಾರ್ದು. ನಜ್ಮಾ, ಮನ್ಸೂರಾ ಕಡೆ ಹೋಗಿ, ದೋಸೆ ಇಡ್ಲಿ ಊಟ ಎಲ್ಲ ಸಿಗತ್ತೆ, ಸ್ಟೇಡಿಯಂ ಒಳಗಿನ ರೇಟಿಗೆ ಹೋಲಿಸಿದ್ರೆ ಧರ್ಮಕ್ಕೆ ಕೊಟ್ಟಂಗೆ. ಮ್ಯಾಚಿಗೆ ಹೋಗೋ ಮುಂಚೆ ಹೊಟ್ಟೆ ತುಂಬ ತಿಂದು ಹೋಗಿ. ಕರಕ್ ಚಾ ಕುಡೀದೆ ಮಾತ್ರ ವಾಪಸ್ ಹೋಗ್ಬೇಡಿ.

ಪ್ರಶ್ನೆ: ಸಾವಿರಾರು ಕಾರ್ಮಿಕರು ಸತ್ತು ಕಟ್ಟಿದ ಸ್ಟೇಡಿಯಂಗಳನ್ನ ನೋಡೋಕೆ ಹೋಗಿ ಅಂತ ಹೇಳೋಕೆ ನಿಮಗೆ ಏನೂ ಅನ್ಸಲ್ವಾ? — ಶಿವಮೊಗ್ಗದ ಓದುಗರು

ಅನ್ಸತ್ತೆ. ಲೆಕ್ಕ ಮೊದಲು ಸರಿಯಾಗಿ ಹೇಳ್ತೀನಿ, ಯಾಕಂದ್ರೆ ಎರಡೂ ಕಡೆಯವರು ತಮಗೆ ಬೇಕಾದ್ದು ಹೇಳ್ತಾರೆ. 2021ರಲ್ಲಿ ಗಾರ್ಡಿಯನ್ ಪತ್ರಿಕೆ ಕೊಟ್ಟ 6,500 ಅನ್ನೋ ಸಂಖ್ಯೆ ಭಾರತ, ನೇಪಾಳ, ಬಾಂಗ್ಲಾ, ಪಾಕಿಸ್ತಾನ, ಶ್ರೀಲಂಕಾದಿಂದ ಬಂದು ಹತ್ತು ವರ್ಷದಲ್ಲಿ ಇಲ್ಲಿ ತೀರಿಕೊಂಡ ಎಲ್ಲರದ್ದೂ, ಎಲ್ಲ ಕಾರಣಗಳೂ ಸೇರಿ, ಬರೀ ಸ್ಟೇಡಿಯಂ ಕೆಲಸದ್ದಲ್ಲ. ಸಂಘಟಕರು ಸ್ಟೇಡಿಯಂ ಕೆಲಸದ ಅಪಘಾತದಲ್ಲಿ ಸತ್ತಿದ್ದು ಮೂರೇ ಜನ ಅಂತಾರೆ, ಕೆಲಸಕ್ಕೆ ಸಂಬಂಧ ಇಲ್ಲದ ಕಾರಣಕ್ಕೆ ಸತ್ತಿದ್ದು 37. ಮೊನ್ನೆ ನವೆಂಬರ್ ಕೊನೇಲಿ ಸಂಘಟನಾ ಸಮಿತಿಯ ಮುಖ್ಯಸ್ಥ ಹಸನ್ ಅಲ್ ಥವಾದಿ ಟಿವಿ ಸಂದರ್ಶನದಲ್ಲಿ 400ರಿಂದ 500 ಅಂದ್ರು, ಆಮೇಲೆ ಸಮಿತಿ ಅದು ಇಡೀ ದೇಶದ ಕೆಲಸಗಳ ಲೆಕ್ಕ ಅಂತ ಸಮಜಾಯಿಷಿ ಕೊಡ್ತು. ಆರೋಗ್ಯವಾಗಿದ್ದ ಹುಡುಗ ರಾತ್ರಿ ಮಲಗಿದೋನು ಬೆಳಿಗ್ಗೆ ಏಳಲಿಲ್ಲ ಅಂದ್ರೆ ಅದನ್ನ ಸಹಜ ಸಾವು ಅಂತ ಬರೆದು ಮುಗಿಸಿದ್ರೆ ಯಾವ ಲೆಕ್ಕ ತಾನೇ ಸರಿ ಬರತ್ತೆ.

ಹೋಗ್ಬೇಡಿ ಅಂತ ನಾನು ಹೇಳಲ್ಲ, ಇಲ್ಲೇ ದುಡಿದು ತಿನ್ನೋ ನನಗೆ ಆ ಮಾತಿನ ಹಕ್ಕಿಲ್ಲ. ಆದ್ರೆ ಬಂದೋರು ಒಂದು ಸಂಜೆ ಇಂಡಸ್ಟ್ರಿಯಲ್ ಏರಿಯಾ ಪಕ್ಕದ ಏಷ್ಯನ್ ಟೌನ್‌ಗೆ ಹೋಗಿ ಬನ್ನಿ ಅಂತ ಹೇಳ್ತೀನಿ. ಅಲ್ಲಿನ ಕ್ರಿಕೆಟ್ ಸ್ಟೇಡಿಯಂನಲ್ಲಿ ಕಾರ್ಮಿಕರಿಗಾಗಿ ದೊಡ್ಡ ಸ್ಕ್ರೀನ್ ಹಾಕಿದಾರೆ, ಫ್ರೀ, ಸಾವಿರಾರು ಜನ ಡ್ಯೂಟಿ ಮುಗಿಸಿ ಬಂದು ನೆಲದ ಮೇಲೆ ಕೂತು ನೋಡ್ತಾರೆ, ಮಧ್ಯೆ ಹಿಂದಿ ಹಾಡು, ಕುಣಿತ. ನಮ್ಮ ಬಿಜಾಪುರ, ರಾಯಚೂರು ಕಡೆ ಹುಡುಗರೂ ಸಿಕ್ತಾರೆ, ಕನ್ನಡ ಕಿವಿಗೆ ಬಿದ್ರೆ ಎದ್ದು ಬರ್ತಾರೆ. ಇಲ್ಲಿ ಕನಿಷ್ಠ ಮೂಲ ಸಂಬಳ ತಿಂಗಳಿಗೆ 1,000 ರಿಯಾಲ್, ಫೈನಲ್‌ನ ಆ 2,200 ರಿಯಾಲ್ ಸೀಟು ಅವರಿಗೆ ಎರಡು ತಿಂಗಳ ದುಡಿಮೆಗಿಂತ ಹೆಚ್ಚು. ಇಲ್ಲಿರೋರಿಗೆ ಅಂತ ಲೀಗ್ ಮ್ಯಾಚುಗಳಿಗೆ 40 ರಿಯಾಲಿನ ಟಿಕೆಟ್ ಇಟ್ಟಿದ್ರು, ಅದನ್ನ ಕೊಂಡು ತಾವೇ ಕಟ್ಟಿದ ಸ್ಟೇಡಿಯಂ ಒಳಗೆ ಮೊದಲನೇ ಸಲ ಪ್ರೇಕ್ಷಕರಾಗಿ ಕೂತೋರೂ ಇದಾರೆ. ಅವರ ಹತ್ರ ಕೇಳಿ, ಬೇಜಾರು ಮತ್ತೆ ಹೆಮ್ಮೆ ಎರಡನ್ನೂ ಒಂದೇ ಮಾತಲ್ಲಿ ಹೇಳ್ತಾರೆ, ನನಗಿಂತ ಚೆನ್ನಾಗಿ.

ಪ್ರಶ್ನೆ: ಫೈನಲ್ ದಿನ ಟಿಕೆಟ್ ಇಲ್ದಿದ್ರೆ ಎಲ್ಲಿ ನೋಡೋದು ಬೆಸ್ಟ್? ಮತ್ತೆ ಯಾರು ಗೆಲ್ತಾರೆ? — ದಾವಣಗೆರೆಯ ಓದುಗರು

ಫೈನಲ್ ಇರೋ ಡಿಸೆಂಬರ್ 18 ಕತಾರ್‌ನವರ ರಾಷ್ಟ್ರೀಯ ದಿನ ಕೂಡ, ಹಾಗಾಗಿ ಇಡೀ ಊರೇ ಬೀದೀಲಿ ಇರತ್ತೆ ಅಂದ್ಕೊಳಿ. ಆಟ ಸಂಜೆ 6ಕ್ಕೆ, ನಮ್ಮೂರಲ್ಲಿ ಎಂಟೂವರೆ. ಲುಸೈಲ್ ಕಡೆ ಟಿಕೆಟ್ ಇಲ್ಲದೆ ಮೂಗು ತೂರಿಸ್ಬೇಡಿ, ಆ ದಿನ ರೆಡ್ ಲೈನ್ ಪೂರ್ತಿ ಟಿಕೆಟ್ ಇರೋರಿಗೇ ಸಾಲದು. ಸ್ಕ್ರೀನ್ ದೊಡ್ಡದು ಬೇಕು ಅಂದ್ರೆ ಅಲ್ ಬಿದ್ದಾ, ಮಧ್ಯಾಹ್ನವೇ ಹೋಗಿ ಜಾಗ ಹಿಡೀರಿ. ಕೂತು ನೋಡ್ಬೇಕು, ಜೊತೆಗೆ ಹೊಟ್ಟೆಗೂ ಬೇಕು ಅಂದ್ರೆ ಸೂಕ್ ವಾಕಿಫ್‌ನ ಟೀ ಅಂಗಡಿಗಳು, ಆದ್ರೆ ಟೇಬಲ್ ಹಿಡಿದೋರು ಏಳೋದೇ ಇಲ್ಲ. ನಾನು ಏಷ್ಯನ್ ಟೌನ್‌ಗೆ ಹೋಗ್ತೀನಿ, ಬರೋದಾದ್ರೆ ಕೂರೋಕೆ ಒಂದು ಹಳೇ ಬೆಡ್‌ಶೀಟ್ ತನ್ನಿ.

ಯಾರು ಗೆಲ್ತಾರೆ ಅನ್ನೋದಕ್ಕೆ ಉತ್ತರ ಕೊಡಲ್ಲ. ಮನೇಲಿ ಒಬ್ಬರು ಅರ್ಜೆಂಟೀನಾ, ಒಬ್ಬರು ಬ್ರೆಜಿಲ್, ನಾನು ಇಲ್ಲಿ ಏನ್ ಬರೆದ್ರೂ ರಾತ್ರಿ ಊಟ ಸಿಗಲ್ಲ.